ಕಾವೇರಿ ನಡುಗಡ್ಡೆಯಲ್ಲಿ ಫ್ರಾನ್ಸಿನ ಬಾವುಟ

ಬೆಂಗಳೂರಿನ ಹೊಸಕೆರೆಹಳ್ಳಿಯಿಂದ ಮೈಸೂರು ರಸ್ತೆ ಹಿಡಿದು ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಶ್ರೀರಂಗಪಟ್ಟಣ ತಲುಪಬಹುದು. ಫ್ರಾನ್ಸಿನ ಕ್ರಾಂತಿ ಎಂದರೆ ನಮಗೆ ಬಾಸ್ತೀಲ್ ಸೆರೆಮನೆ, ಗಿಲೋಟಿನ್ ನೆನಪಾಗುತ್ತವೆ. ಆ ಕ್ರಾಂತಿಯ ಬಿಸಿ ತಾಗಿದ ನಮ್ಮ ನಾಡಿನ ಊರು ಇದು.

ಇಲ್ಲಿಂದ ಮೈಸೂರು ರಾಜ್ಯ ಆಳುತ್ತಿದ್ದ ಟಿಪ್ಪು ಸುಲ್ತಾನನಿಗೆ ಫ್ರೆಂಚರ ಮೇಲಿದ್ದ ನಂಬಿಕೆಗೆ ಪೆಟ್ಟು ಬಿದ್ದದ್ದು ಕ್ರಾಂತಿಗೆ ಮೊದಲೇ. 1783ರಲ್ಲಿ ಮಂಗಳೂರು ಕೋಟೆಗೆ ಅವನು ಮುತ್ತಿಗೆ ಹಾಕಿದ್ದಾಗ, ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಸಂಧಿಯಾಯಿತೆಂಬ ಸುದ್ದಿ ಬಂತು. ಜೊತೆಗಿದ್ದ ಫ್ರೆಂಚ್ ಪಡೆ ಕೈಬಿಟ್ಟು ಹೊರಟಿತು. ಆದರೂ ಇಂಗ್ಲಿಷರಿಗೆ ಎದುರಾಗಬಲ್ಲ ಬೇರೆ ಜೊತೆಗಾರ ಎಲ್ಲಿದ್ದ? ಅವನ ಮೂವರು ರಾಯಭಾರಿಗಳು ಕಡಲು ದಾಟಿ, 1788ರ ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ 16ನೇ ಲೂಯಿಯನ್ನು ಕಂಡರು. ಸೈನ್ಯ ಸಿಗಲಿಲ್ಲ, ಕುಶಲಕರ್ಮಿಗಳು, ಗಿಡಬೀಜಗಳು, ಪಿಂಗಾಣಿ ಸಾಮಾನು ಸಿಕ್ಕವು. ಸರಿಯಾಗಿ ನಾಲ್ಕು ವರ್ಷಕ್ಕೆ, 1792ರ ಆಗಸ್ಟ್ 10ರಂದು, ಪ್ಯಾರಿಸ್ ಜನ ತಮ್ಮ ನಗರದ ಅರಮನೆಗೆ ನುಗ್ಗಿ ಅದೇ ದೊರೆಯ ಆಳ್ವಿಕೆ ಮುಗಿಸಿದರು. ಅಷ್ಟರಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದಿದ್ದ. ಮರುವರ್ಷ ಟಿಪ್ಪು ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಯಿತು.

1797ರಲ್ಲಿ ಫ್ರಾಂಸ್ವಾ ರಿಪೋ ಎಂಬ ನಾವಿಕ ಕೆಟ್ಟ ಹಡಗಿನೊಡನೆ ಮಂಗಳೂರಿಗೆ ಬಂದ. ಮಾರಿಷಸ್‌ನಲ್ಲಿ ದೊಡ್ಡ ಫ್ರೆಂಚ್ ಸೈನ್ಯ ಕಾದಿದೆ ಎಂದ. ಇವನ ಮಾತು ನಂಬಬೇಡಿ ಎಂದು ದರ್ಬಾರಿನವರು ಎಚ್ಚರಿಸಿದರೂ ಟಿಪ್ಪು ನಂಬಿದ. ಆ ಮೇ ತಿಂಗಳಲ್ಲಿ ಪಟ್ಟಣದಲ್ಲಿದ್ದ ಫ್ರೆಂಚರು ಸಭೆ ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟು, ಮೂರು ಬಣ್ಣದ ಬಾವುಟ ಏರಿಸಿದರು, ಸುಲ್ತಾನ ತೋಪು ಹಾರಿಸಿ ಗೌರವಿಸಿದ ಎನ್ನುತ್ತವೆ ದಾಖಲೆಗಳು. ಫ್ರಾನ್ಸಿನ ಕಡು ಕ್ರಾಂತಿವಾದಿಗಳ ಹೆಸರು ಹೊತ್ತ, ಮೈಸೂರಿನ ‘ಜಾಕೋಬಿನ್ ಕ್ಲಬ್’ ಇದೇ. ಆ ಕಾಗದಗಳು ಪಟ್ಟಣ ಬಿದ್ದ ಮೇಲೆ ಸಿಕ್ಕವೆಂದು ಅಚ್ಚು ಹಾಕಿಸಿದವರು ಇಂಗ್ಲಿಷರು. ಹಾಗಾಗಿ ಅವುಗಳ ಬಗ್ಗೆ ಇತಿಹಾಸಕಾರರಲ್ಲಿ ಅನುಮಾನವಿದೆ. ಫ್ರೆಂಚ್ ಸಿಪಾಯಿಗಳು ಸೇರಿ ಬಾವುಟ ಏರಿಸಿದ್ದು ಆಗಿರಬಹುದಾದ ಮಾತು. ಟಿಪ್ಪು ರಾಜತ್ವ ಬಿಟ್ಟು ಪ್ರಜಾರಾಜ್ಯವಾದಿಯಾದ ಎಂಬುದನ್ನು ನಾನು ಒಪ್ಪಲಾರೆ. ಅವನಿಗೆ ಬೇಕಿದ್ದುದು ಸೈನ್ಯ.

ಬಂದ ಸೈನ್ಯವೆಷ್ಟು? ಮಾರಿಷಸ್ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಬಹಿರಂಗ ಪ್ರಕಟಣೆ ಹೊರಡಿಸಿ, ಟಿಪ್ಪುವಿನ ಪರ ಹೋರಾಡಲು ಜನರನ್ನು ಕರೆದ. ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಇಳಿದವರು ನೂರು ಮಂದಿಯೂ ಇರಲಿಲ್ಲ. ಗುಟ್ಟಾಗಿರಬೇಕಿದ್ದ ಸ್ನೇಹ ಊರಿಗೆಲ್ಲ ಸಾರಿದಂತಾಯಿತು. ಇಂಗ್ಲಿಷರ ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಕಾರಣ ಸಿಕ್ಕಿತು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರವೂ ದಾರಿಯಲ್ಲೇ ಇಂಗ್ಲಿಷರ ಕೈ ಸೇರಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಮಡಿದ.

ಕೋಟೆ ಬಿದ್ದ ಮೇಲೆ ಅದೇ ಪಟ್ಟಣಕ್ಕೆ ಇನ್ನೊಬ್ಬ ಫ್ರೆಂಚ್ ಮನುಷ್ಯ ಬಂದರು: ಪಾದ್ರಿ ಅಬ್ಬೆ ದುಬೊಯ್. ಕ್ರಾಂತಿ ಸರ್ಕಾರ ಪಾದ್ರಿಗಳಿಂದ ನಿಷ್ಠೆಯ ಪ್ರಮಾಣ ಕೇಳಿತ್ತು. ಒಪ್ಪದವರಿಗೆ ಸೆರೆ, ಗಡೀಪಾರು. 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾದ್ರಿಗಳ ಕೊಲೆಯಾಯಿತು. ಅದೇ ವರ್ಷ ದೀಕ್ಷೆ ಪಡೆದ ದುಬೊಯ್ ಭಾರತಕ್ಕೆ ಹೊರಟುಬಂದಿದ್ದರು. ಇಲ್ಲಿ ಅವರಿಗೆ ಎದುರಾದವರು, 1784ರಲ್ಲಿ ಟಿಪ್ಪು ಕೆನರಾದಿಂದ ಸೆರೆಹಿಡಿದು ತಂದಿದ್ದ ಕ್ರೈಸ್ತರಲ್ಲಿ ಬದುಕುಳಿದವರು. ತಮ್ಮ ದೇಶದಲ್ಲಿ ಧರ್ಮದ ಕಾರಣಕ್ಕೆ ಹಿಂಸೆ ನಡೆದ ಕಾಲದಲ್ಲಿ ಹೊರಟುಬಂದವರು ಇಲ್ಲಿ ಅದೇ ಬಗೆಯ ಗಾಯಕ್ಕೆ ಮದ್ದು ಹಚ್ಚಿದರು.

ದುಬೊಯ್ ಈ ನೆಲದ ಉಡುಗೆ ತೊಟ್ಟು, ಜನರ ನಡುವೆ ಬಾಳಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಆ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿನ ಲಸಿಕೆ ಹೊಸದಾಗಿದ್ದ ಕಾಲದಲ್ಲಿ, 1803-04ರಲ್ಲಿ, 25 ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದರು. ಹಿಂದೂ ಆಚಾರಗಳ ಬಗ್ಗೆ ಅವರು ಬರೆದ ಗ್ರಂಥದಲ್ಲಿ ನಮಗೆ ಒಪ್ಪಿಗೆಯಾಗದ ಮಾತುಗಳು ಬೇಕಾದಷ್ಟಿವೆ. ಲಸಿಕೆಯ ಲೆಕ್ಕವನ್ನು ಅವು ಅಳಿಸುವುದಿಲ್ಲ.

ಶ್ರೀರಂಗಪಟ್ಟಣಕ್ಕೆ ಹೋದವರು ಗುಂಬಜ್, ದರಿಯಾ ದೌಲತ್ ನೋಡಿ ಮರಳುತ್ತಾರೆ. ಮುಂದಿನ ಸಲ ಅಬ್ಬೆ ದುಬೊಯ್ ಚರ್ಚಿಗೂ ಹೋಗಿ, ಸ್ವಲ್ಪ ಹೊತ್ತು ಕುಳಿತು ಬನ್ನಿ.