ಕೋಲಾರ ಜಿಲ್ಲೆಯ ಕೆರೆಗಳ ಹಳೆಯ ಕಲ್ಲಿನ ತೂಬು ಮತ್ತು ಕೋಡಿಗಳು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇರುವುದಿಲ್ಲ. ಪಾಲಾರ್ ಹಾಗೂ ಮಾಲೂರು ಕಡೆಯ ದಕ್ಷಿಣ ಪಿನಾಕಿನಿ ಮಳೆಗಾಲದ ಹೊಳೆಗಳು. ಆದುದರಿಂದ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ 1804ರಲ್ಲಿ ನಿರ್ಮಿಸಲಾದ ವೆಲ್ಲೆಸ್ಲಿ ಸೇತುವೆಯಂತಹ ದೊಡ್ಡ ಕಲ್ಲಿನ ಸೇತುವೆಗಳ ಅವಶ್ಯಕತೆ ಇಲ್ಲಿನ ಗ್ರಾಮಗಳಿಗೆ ಒದಗಲಿಲ್ಲ. ಕಂಬ ನೆಟ್ಟು ಮೇಲೆ ಚಪ್ಪಡಿ ಹಾಸುವ ಅದೇ ಕೌಶಲವು ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕೆರೆಗಳ ತೂಬು ಮತ್ತು ಕೋಡಿಗಳಲ್ಲಿ ಕಂಡುಬರುತ್ತದೆ. ಇಲ್ಲಿನ ಗಟ್ಟಿ ಕಲ್ಲು ಉದ್ದುದ್ದವಾಗಿ ಸೀಳಿಬರುವುದರಿಂದ ಕಮಾನು ಕಟ್ಟದೆಯೇ ಕಾಲುವೆಯನ್ನು ಮುಚ್ಚಲು ಸಾಧ್ಯವಾಗಿತ್ತು.

ಹಳೆಯ ತೂಬಿನ ರಚನೆ ಸರಳವಾದುದು. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳ ನಡುವೆ ರಂಧ್ರವಿರುವ ಅಡ್ಡಗಲ್ಲುಗಳನ್ನು ಜೋಡಿಸಲಾಗುತ್ತಿತ್ತು. ರಂಧ್ರಗಳ ಮೂಲಕ ಇಳಿಬಿಟ್ಟ ಗಳುವಿನ ತುದಿಯ ಬಿರಡೆಯು ತಳದ ಕಲ್ಲಿನ ಕಂಡಿಯನ್ನು ಮುಚ್ಚುತ್ತಿತ್ತು. ಬಿರಡೆ ಮೇಲೆತ್ತಿದಷ್ಟೂ ನೀರು ಏರಿಯಡಿಯ ಕಲ್ಲಿನ ಕಾಲುವೆಯ ಮೂಲಕ ಅಚ್ಚುಕಟ್ಟಿಗೆ ಹರಿಯುತ್ತಿತ್ತು. ಈ ಕೆಲಸ ನೀರಗಂಟಿಯದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮದಿಂದ ವಂಶಪಾರಂಪರ್ಯ ಗ್ರಾಮ ಹುದ್ದೆಗಳು ಕೊನೆಗೊಂಡವು.

ಕೆರೆ ಕಟ್ಟಿಸಿದವರಿಗೂ ದುರಸ್ತಿ ಮಾಡಿಸಿದವರಿಗೂ ಭೂಮಿ ಬಿಟ್ಟುಕೊಡುವ ಪದ್ಧತಿ ಇತ್ತು. ಕಟ್ಟುಗೊಡಗೆ, ದಶವಂದ ಎಂಬ ಹೆಸರುಗಳು ಶಾಸನಗಳಲ್ಲಿವೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. 1892ರ ಮೈಸೂರು-ಮದ್ರಾಸು ಒಪ್ಪಂದದನ್ವಯ ಪಾಲಾರ್ ಮೊದಲಾದ ನದಿಗಳ ಪಾತ್ರದಲ್ಲಿ ಹೊಸ ನೀರಾವರಿ ಕಾಮಗಾರಿಗೆ ಮದ್ರಾಸು ಸರ್ಕಾರದ ಮುಂಚಿತ ಒಪ್ಪಿಗೆ ಬೇಕಾಯಿತು. ಇರುವ ಕೆರೆಗಳ ರಕ್ಷಣೆಗೆ ಇದರಿಂದ ಇನ್ನಷ್ಟು ಮಹತ್ವ ಬಂದಿತು.

ತೂಬಿಗಿಂತ ಕೋಡಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಇಲ್ಲಿನ ಕೆರೆಗಳು ಸರಪಳಿಯಂತಿದ್ದು, ಮೇಲಿನ ಕೆರೆಯ ಕೋಡಿ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುತ್ತದೆ. ಕೋಡಿಯ ಕಲ್ಲು ಕಿತ್ತರೆ ಕೆರೆಯ ಸಂಗ್ರಹ ಕುಗ್ಗುತ್ತದೆ. ಕೋಡಿಗೆ ಮಣ್ಣು, ಮರಳಿನ ಚೀಲ ಒಡ್ಡಿ ಎತ್ತರಿಸಿದರೆ ಹಿನ್ನೀರಿನ ಜಮೀನು ಮುಳುಗುವುದಲ್ಲದೆ, ಏರಿಯೇ ಒಡೆಯುವ ಅಪಾಯವಿದೆ. ಕೆರೆಗಳು ಬತ್ತಿ, ಬೇಸಾಯವು ಕೊಳವೆಬಾವಿಗಳನ್ನೇ ನಂಬಿದ್ದ ವರ್ಷಗಳಲ್ಲಿ ಈ ಮಾತು ಮರೆತುಹೋದಂತಾಗಿತ್ತು. 2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು. ಅಲ್ಲಿಂದ ಮುಂದಿನ ಕೆರೆಗಳಿಗೆ ನೀರು ಸಾಗಲು ಹಳೆಯ ಕೋಡಿ ಮತ್ತು ರಾಜಕಾಲುವೆಗಳೇ ದಾರಿಯಾದವು. ಅಂತರ್ಜಲ ಮರುಪೂರಣ ಈ ಯೋಜನೆಯ ಉದ್ದೇಶವೇ ಹೊರತು ನೇರ ನೀರಾವರಿಯಲ್ಲ ಎಂಬುದನ್ನು ರೈತರು ಗಮನಿಸುವುದು.

ತೂಬು, ಕೋಡಿಗಳ ದುರಸ್ತಿ ಕೋರುವವರು ಮೊದಲು ಕೆರೆಯು ಯಾರ ಸುಪರ್ದಿಯಲ್ಲಿದೆ ಎಂಬುದನ್ನು ತಿಳಿಯಬೇಕು. ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಜಿಲ್ಲಾ ಪಂಚಾಯತಿಗೂ, 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೂ ಸೇರಿರುತ್ತವೆ. ಅರ್ಜಿಯಲ್ಲಿ ಗ್ರಾಮ, ಹೋಬಳಿ ಹಾಗೂ ಕೆರೆಯ ಸರ್ವೆ ನಂಬರನ್ನು ನಮೂದಿಸಿ, ಪಹಣಿ ಮತ್ತು ಗ್ರಾಮ ನಕ್ಷೆಯ ಪ್ರತಿಗಳನ್ನು ಲಗತ್ತಿಸಿದಲ್ಲಿ ಸ್ಥಳ ಗುರುತಿಸಲು ಅನುಕೂಲವಾಗುತ್ತದೆ. ಹೂಳು ತೆಗೆಯಲು ಬಯಸುವವರು ಸಂಬಂಧಪಟ್ಟ ಕಚೇರಿಯ ಅನುಮತಿ ಪಡೆಯುವುದು. ಏರಿಯ ಬುಡದಲ್ಲಾಗಲೀ ತೂಬಿನ ಸಮೀಪದಲ್ಲಾಗಲೀ ಅಗೆಯಬಾರದು. ಹೂಳಿನಲ್ಲಿ ಬರಹವಿರುವ ಕಲ್ಲು ದೊರೆತಲ್ಲಿ ಅದನ್ನು ಕದಲಿಸದೆ ತಹಶೀಲ್ದಾರರಿಗೆ ತಿಳಿಸಲು ಕೋರಲಾಗಿದೆ.