ಮೇಘನೆಯ ಮೇಲೊಂದು ಸದ್ದಿನ ಸೇತುವೆ

ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿನ ಕಡೆ ಬರುವ ಹೆದ್ದಾರಿಯಲ್ಲಿ ಒಣ ಎರೆಭೂಮಿ ಮುಗಿದು ಭತ್ತದ ಹಸಿರು ಶುರುವಾಗುವುದು ಬಸ್ಸಿನ ಕಿಟಕಿಯಿಂದಲೇ ಗೊತ್ತಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕರಾಮತ್ತು ಅದು. ಕಾಲುವೆಯ ಹಿಂದೆಯೇ ಕ್ಯಾಂಪುಗಳೂ ಬಂದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಒಂದು ಕಡೆಯಾದರೆ, ಸರ್ಕಾರವೇ ಕರೆತಂದು ನೆಲೆಗೊಳಿಸಿದ ಬಂಗಾಳಿಗಳ ಆರ್.ಎಚ್. ಕ್ಯಾಂಪುಗಳು ಇನ್ನೊಂದು ಕಡೆ. ಅಲ್ಲಿ ಮನೆಮಾತು ಬಂಗಾಳಿ, ಸಂತೆಮಾತು ಕನ್ನಡ. ದಸರೆ ಬಂದರೆ ದುರ್ಗಾಪೂಜೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಈ ಕುಟುಂಬಗಳ ಹಳೆಯ ನಾಡು ಹೊಳೆಗಳ ನಾಡು. ಪದ್ಮಾ, ಮೇಘನಾ, ಸುರಮಾ ಎಂದು ಅಲ್ಲಿ ಎಲ್ಲಿ ಕಾಲಿಟ್ಟರೂ ನೀರೇ.

ಮಸ್ಕಿಗೆ ಜನ ಅಶೋಕನ ಶಾಸನ ನೋಡಲು ಬರುತ್ತಾರೆ. 1915ರಲ್ಲಿ ಅದು ಬೆಳಕಿಗೆ ಬಂದದ್ದು ಚಿನ್ನದ ಜಾಡು ಹಿಡಿದು ಹೊರಟಿದ್ದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದು. ಎರಡು ಸಾವಿರ ವರ್ಷ ಹಿಂದಿನದಕ್ಕೆ ಫಲಕವಿದೆ, ಕಾವಲಿದೆ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಕ್ಯಾಂಪಿನವರ ಹಳೆಯ ನಾಡಿನ ಹಣೆಬರಹ 1971ರ ಡಿಸೆಂಬರಿನ ಯುದ್ಧದಲ್ಲಿ ಹೇಗೆ ಬದಲಾಯಿತೆಂದು ಕೇಳಿದರೆ ಮಾತ್ರ ಇಂದಿರಾ ಗಾಂಧಿ, ಮಾಣೆಕ್ ಷಾ ಎಂಬ ಎರಡು ಹೆಸರಿಗೆ ಉತ್ತರ ಮುಗಿಯುತ್ತದೆ. ಗಡಿಗೂ ಢಾಕಾಕ್ಕೂ ನಡುವೆ ಹರಿಯುತ್ತಿದ್ದ ಮೇಘನಾ ಹೊಳೆಯನ್ನು ನಮ್ಮ ಸೈನ್ಯ ದಾಟಿದ್ದಾದರೂ ಹೇಗೆ?

ಹೆಲಿಕಾಪ್ಟರ್ ಪೈಲಟ್‌ಗಳು ದಾಟಿಸಿದರು.

ಅಗರ್ತಲಾ ಕಡೆಯಿಂದ ನುಗ್ಗಿದ ನಾಲ್ಕನೇ ಕೋರ್‌ನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್. ಢಾಕಾ ಹಿಡಿಯುವ ಕೆಲಸ ಅವರಿಗೆ ವಹಿಸಿದ್ದೇ ಅಲ್ಲ. ಮೇಘನೆಯ ಪೂರ್ವ ದಡದ ತನಕ ಹೋದರೆ ಅವರ ಪಾಲಿನ ಯುದ್ಧ ಮುಗಿಯಿತು ಎಂಬುದು ಮೇಲಿನವರ ಲೆಕ್ಕ. ಸಗತ್ ಸಿಂಗ್ ಅಂಥ ಲೆಕ್ಕಕ್ಕೆ ಸಿಗುವ ಆಸಾಮಿಯಲ್ಲ. ಹೊಳೆ ಎಲ್ಲಿ ದಾಟಬಹುದು ಎಂದು ನೋಡಲು ಸ್ವತಃ ಪುಟ್ಟ ಅಲೂಯೆಟ್ ಹೆಲಿಕಾಪ್ಟರ್ ಹತ್ತಿ ಆಶುಗಂಜ್ ಮೇಲೆ ಹಾರಿದರು. ಕೆಳಗಿನಿಂದ ಮೆಷಿನ್‌ಗನ್ ಸಿಡಿಯಿತು. ಪೈಲಟ್‌ಗೆ ಗುಂಡು ತಗುಲಿತು, ಜನರಲ್ ಹಣೆಯನ್ನೂ ಸವರಿತು. ಸಹಪೈಲಟ್ ನಿಯಂತ್ರಣ ಕೈಗೆ ತೆಗೆದುಕೊಂಡು ಯಂತ್ರವನ್ನು ಅಗರ್ತಲಾಕ್ಕೆ ಮರಳಿಸಿದ. ಎಣಿಸಿದಾಗ ಅದರ ಮೈಯಲ್ಲಿ 64 ತೂತುಗಳು. ಸಗತ್ ಸಿಂಗ್ ಬೇರೊಂದು ಹೆಲಿಕಾಪ್ಟರ್ ತರಿಸಿ ಪರಿಶೀಲನೆ ಮುಂದುವರಿಸಿದರು.

ಈ ಕಥೆ ಹೇಳುವವರೆಲ್ಲ ಜನರಲ್ ಎದೆಗಾರಿಕೆಯನ್ನು ಹೊಗಳುತ್ತಾರೆ. ಗಾಯಗೊಂಡ ಪೈಲಟ್, ಪಕ್ಕದಲ್ಲಿ ಕೂತು ಕೈ ನಡುಗಿಸದೆ ಹಾರಿಸಿ ತಂದ ಹುಡುಗ ಇಬ್ಬರೂ ಬರೀ ‘ಪೈಲಟ್’, ‘ಸಹಪೈಲಟ್’ ಆಗಿಯೇ ಉಳಿದುಬಿಡುತ್ತಾರೆ. ಹೆಲಿಕಾಪ್ಟರ್ ಪೈಲಟ್‌ಗಳ ಯುದ್ಧಾನುಭವ ಎಲ್ಲ ಕಡೆಯೂ ಹೀಗೆಯೇ, ಬೇರೆಯವರ ಶೌರ್ಯದ ಅಡಿಟಿಪ್ಪಣಿ.

ಸಗತ್ ಸಿಂಗ್‌ಗೆ ಸಿಕ್ಕ ಜೋಡಿ ಜೋರ್ಹಾಟ್ ವಾಯುನೆಲೆಯ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್. ಅವರ ಕೈಯಲ್ಲಿದ್ದದ್ದು ರಷ್ಯದ ಎಂಐ-4. ಮೂತಿಯಲ್ಲಿ ದೊಡ್ಡ ಪಿಸ್ಟನ್ ಎಂಜಿನ್, ಅದರ ತಲೆಯ ಮೇಲೆ ಪೈಲಟ್ ಆಸನ, ಹಿಂದೆ ಎರಡು ಬಾಗಿಲು ತೆರೆದುಕೊಳ್ಳುವ ಸರಕಿನ ಹೊಟ್ಟೆ. ಹಾರುವುದಕ್ಕಿಂತ ಗದ್ದಲ ಹೆಚ್ಚು. ಶಾಂತಿಕಾಲದಲ್ಲಿ ಗಡಿಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ ಹೊರುತ್ತಿದ್ದ ಯಂತ್ರ ಅದು. ಕತ್ತಲಲ್ಲಿ, ಯಾರೂ ಸಿದ್ಧಪಡಿಸದ ಗದ್ದೆಯಲ್ಲಿ, ಎದುರಿನಿಂದ ಗುಂಡು ಬರುವಾಗ ಇಳಿಯುವುದಕ್ಕೆ ತಯಾರಾದದ್ದಲ್ಲ.

ಡಿಸೆಂಬರ್ 7ರಂದು ಸಿಲ್ಹೆಟ್‌ನಲ್ಲಿ ಮೊದಲ ಪರೀಕ್ಷೆ ನಡೆಯಿತು. ಊರು ಖಾಲಿಯಾಗಿದೆ ಎಂಬ ಸುದ್ದಿ ನಂಬಿ 4/5 ಗೂರ್ಖಾ ರೈಫಲ್ಸ್ ಪಡೆಯನ್ನು ಸುರಮಾ ನದಿಯಾಚೆ ಇಳಿಸಲು ಹೊರಟರು. ಊರು ಖಾಲಿಯಾಗಿರಲಿಲ್ಲ. ಅಲ್ಲಿದ್ದ ಪಾಕಿಸ್ತಾನಿ ಬ್ರಿಗೇಡ್‌ಗೆ ಇನ್ನೊಂದು ಬಂದು ಸೇರಿಕೊಂಡಿತ್ತು. ಎಂಐ-4 ನೆಲಕ್ಕೆ ಪೂರ್ತಿ ಮುಟ್ಟುವ ಮುಂಚೆಯೇ ಗೂರ್ಖಾಗಳು ಧುಮುಕುವುದು, ಯಂತ್ರ ಹಿಂತಿರುಗುವುದು, ಮತ್ತೆ ತುಂಬಿಕೊಂಡು ಬರುವುದು. ಆ ರಾತ್ರಿ ಮೇಲ್ವಿಚಾರಣೆಗೆಂದು ಚಂದನ್ ಸಿಂಗ್ ತಾವೇ ಎಂಟು ಬಾರಿ ಶತ್ರು ನೆಲದ ಮೇಲೆ ಹಾರಿದರು. ಅವರಿಗೆ ಮಹಾವೀರ ಚಕ್ರ ಬಂದಿತು. ಇಳಿದದ್ದು ಒಂದು ಬೆಟಾಲಿಯನ್. ಬಿಬಿಸಿ ಅದನ್ನು ಬ್ರಿಗೇಡ್ ಎಂದು ಬಿತ್ತರಿಸಿತು. ಗೂರ್ಖಾಗಳು ಆ ತಪ್ಪು ಸುದ್ದಿಯನ್ನೇ ಗುರಾಣಿ ಮಾಡಿಕೊಂಡು ದೂರದೂರಕ್ಕೆ ಹರಡಿ ನಿಂತು ಯುದ್ಧ ಮುಗಿಯುವವರೆಗೂ ಜಾಗ ಬಿಡಲಿಲ್ಲ.

ಎರಡು ದಿನಕ್ಕೆ ಮೇಘನೆಯ ಸರದಿ. ಆಶುಗಂಜ್ ಮತ್ತು ಭೈರಬ್ ಬಜಾರ್ ನಡುವಿನ ರೈಲು ಸೇತುವೆಯನ್ನು ಪಾಕಿಸ್ತಾನಿ ಸೇನೆ ಡಿಸೆಂಬರ್ 9ರಂದು ಉಡಾಯಿಸಿತು. ಇನ್ನು ಭಾರತದವರು ಈಚೆ ದಡದಲ್ಲೇ ಕೂರಬೇಕು ಎಂದು ಅವರು ಭಾವಿಸಿದ್ದು ತಪ್ಪೇನಲ್ಲ, ಯಾವ ಯುದ್ಧಶಾಲೆಯಲ್ಲೂ ಹಾಗೆಯೇ ಕಲಿಸುತ್ತಾರೆ. ಅದೇ ರಾತ್ರಿ ಎಂಐ-4ಗಳು ಸೇತುವೆಯ ದಕ್ಷಿಣಕ್ಕೆ, ರಾಯಪುರ ಎಂಬ ಊರಿನ ಬಳಿ, ಆಚೆ ದಡದ ಗದ್ದೆಗಳಿಗೆ 4 ಗಾರ್ಡ್ಸ್ ಪಡೆಯನ್ನು ಇಳಿಸತೊಡಗಿದವು. ನೆಲದಲ್ಲಿ ದೀಪವೆಂದರೆ ಪ್ರತಿಫಲಕ ಬಿಚ್ಚಿದ ಟಾರ್ಚ್‌ಗಳು. ಮೇಲಿನಿಂದ ಕಾಣಬೇಕು, ಪಕ್ಕದಿಂದ ಕಾಣಬಾರದು. 14 ಜನಕ್ಕೆಂದು ಲೆಕ್ಕ ಹಾಕಿದ್ದ ಹೊಟ್ಟೆಯಲ್ಲಿ 23 ಜನ. 36 ಗಂಟೆಗಳಲ್ಲಿ 110ಕ್ಕೂ ಹೆಚ್ಚು ಬಾರಿ ಹಾರಾಟ. ಒಂದು ಮೈಲಿಗೂ ಹೆಚ್ಚು ಅಗಲದ ಹೊಳೆಯ ಮೇಲೆ ಎಂಜಿನ್ನಿನ ಸದ್ದು ನಿಲ್ಲಲೇ ಇಲ್ಲ. ಅದಕ್ಕೇ ಸೇನೆಯವರು ಅದನ್ನು ‘ಹೆಲಿ ಸೇತುವೆ’ ಎಂದು ಕರೆದರು. ಹಿಂದೆಯೇ ಉಳಿದ ಪಡೆ ಸಿಕ್ಕಸಿಕ್ಕ ದೋಣಿ ಹತ್ತಿತು. ದಡದ ಹಳ್ಳಿಗರು ತಾವಾಗಿ ಬಂದು ಹುಟ್ಟು ಹಾಕಿದರು, ತೋಪು ಎಳೆದರು.

ಪೂರ್ವ ಕಮಾಂಡ್‌ನ ಮುಖ್ಯಸ್ಥ ಜಗಜಿತ್ ಸಿಂಗ್ ಅರೋರಾ ಈ ದುಡುಕಿಗೆ ಒಪ್ಪಿರಲಿಲ್ಲ. ಸಗತ್ ಸಿಂಗ್ ಹಿಂದೆ ಸರಿಯಲೂ ಇಲ್ಲ. ಯಾರು ಸರಿ ಎಂಬ ಜಗಳವನ್ನು ನಿವೃತ್ತ ಅಧಿಕಾರಿಗಳು ಪುಸ್ತಕದ ಮೇಲೆ ಪುಸ್ತಕ ಬರೆದು ಇಂದಿಗೂ ಜೀವಂತ ಇಟ್ಟಿದ್ದಾರೆ. ಜಗಳ ಏನೇ ಇರಲಿ, ಡಿಸೆಂಬರ್ 16ರಂದು ಢಾಕಾ ಶರಣಾಯಿತು. ನೆನಪಿನಲ್ಲಿ ಉಳಿದದ್ದು 14ರಂದು ಗವರ್ನರ್ ಬಂಗಲೆಯ ಮೇಲೆ ರಾಕೆಟ್ ಸುರಿದ ಮಿಗ್-21ಗಳು. ಜೆಟ್ ವಿಮಾನ ಬೇಗ ಕಣ್ಣಿಗೆ ಕಟ್ಟುತ್ತದೆ. ಅದೇ ಯುದ್ಧದ ಲೋಂಗೆವಾಲಾ ಕದನಕ್ಕೆ ‘ಬಾರ್ಡರ್’ ಎಂಬ ಸಿನಿಮಾ ಸಿಕ್ಕಿತು, ಎಂಐ-4ಗೆ ಏನೂ ಸಿಗಲಿಲ್ಲ.

ಸಾಗಣೆಯೊಂದೇ ಅಲ್ಲ, ಅದೇ ಯುದ್ಧದಲ್ಲಿ ಹೆಲಿಕಾಪ್ಟರ್ ಗುಂಡೂ ಹಾರಿಸಿತು. ಬೆಂಗಳೂರಿನ ಎಚ್‌ಎಎಲ್ 1965ರಿಂದ ‘ಚೇತಕ್’ ಹೆಸರಲ್ಲಿ ತಯಾರಿಸುತ್ತಿದ್ದ ಅಲೂಯೆಟ್ ಮಾದರಿಯ ಒಂದು ಯಂತ್ರ, ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಪೈಲಟ್‌ಗಳ ‘ಕಿಲೋ ಫ್ಲೈಟ್’ ತಂಡಕ್ಕೆ ಸಿಕ್ಕಿತು. ಇಕ್ಕೆಲಕ್ಕೂ ರಾಕೆಟ್ ಕೊಳವೆ, ಒಂದು ಮೆಷಿನ್‌ಗನ್, ಕೆಳಗಿನ ಗುಂಡಿಗೆ ತಡೆಯಾಗಿ ತಳಕ್ಕೆ ಬೆಸೆದ ಉಕ್ಕಿನ ಹಲಗೆ. ಡಿಸೆಂಬರ್ 3ರ ರಾತ್ರಿ ಸುಲ್ತಾನ್ ಮಹಮೂದ್ ಮತ್ತು ಬದ್ರುಲ್ ಆಲಂ ಅದನ್ನು ತಗ್ಗಿನಲ್ಲೇ ಹಾರಿಸಿ ನಾರಾಯಣಗಂಜ್‌ನ ತೈಲಾಗಾರಕ್ಕೆ ಬೆಂಕಿ ಹಚ್ಚಿ ಬಂದರು. ಸುಲ್ತಾನ್ ಮಹಮೂದ್ ಮುಂದೆ ಬಾಂಗ್ಲಾದೇಶದ ವಾಯುಪಡೆ ಮುಖ್ಯಸ್ಥರಾದರು.

ಆಮೇಲಿನ ವರ್ಷಗಳಲ್ಲಿ ಸಿಯಾಚಿನ್‌ನ ಮೂಟೆ ಹೊರುವ ಕೆಲಸ. ಮೇಘನೆಯಲ್ಲಿ ಗೆದ್ದ ಉಪಾಯವನ್ನೇ 1987ರ ಅಕ್ಟೋಬರ್ 11ರ ರಾತ್ರಿ ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಯೋಗಿಸಿದರು. ಎದುರಾಳಿಗಳಾದ ಎಲ್‌ಟಿಟಿಇ ಬಂಡುಕೋರರಿಗೆ ಸುಳಿವು ಮೊದಲೇ ಸಿಕ್ಕಿತ್ತು. ಎಂಐ-8ಗಳು ಗುಂಡಿನ ಮಳೆಯಲ್ಲೇ ಬಂದುಹೋದವು. ಜಖಂ ಜಾಸ್ತಿಯಾಗಿ ಸಾಗಣೆ ನಿಂತಿತು. ಇಳಿದಿದ್ದ 13 ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ ಬದುಕಿದವನು ಒಬ್ಬನೇ, ಅವನೂ ಸೆರೆಯಾಳಾಗಿ. ಬಿಟ್ಟುಬಂದವರು ನಾವೇ ಇಳಿಸಿದವರು ಎಂಬ ಭಾರ ಪೈಲಟ್‌ಗಳ ಪಾಲಿಗೆ.

ಕಾರ್ಗಿಲ್‌ನಲ್ಲಿ ಸಾಗಣೆಯ ಎಂಐ-17ಕ್ಕೇ ರಾಕೆಟ್ ಕಟ್ಟಿ ತೋಲೋಲಿಂಗ್ ಶಿಖರಕ್ಕೆ ಕಳಿಸಿದರು. ದಾಳಿಗೆಂದೇ ಇದ್ದ ಎಂಐ-35 ಆ ಎತ್ತರಕ್ಕೆ ಏರುತ್ತಿರಲಿಲ್ಲ, ತೆಳು ಗಾಳಿಯಲ್ಲಿ ಅದಕ್ಕೆ ಉಸಿರು ಕಟ್ಟುತ್ತಿತ್ತು. 1999ರ ಮೇ 28ರಂದು ಹೆಗಲಿನಿಂದ ಹಾರಿಸಿದ ಕ್ಷಿಪಣಿಯೊಂದು ಎಂಐ-17 ಒಂದನ್ನು ಬಲಿ ತೆಗೆದುಕೊಂಡಿತು. ಕ್ಷಿಪಣಿಯ ದಾರಿ ತಪ್ಪಿಸುವ ಫ್ಲೇರ್‌ಗಳು ಅದರಲ್ಲಿರಲಿಲ್ಲ. ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್‌ಗಳಾದ ಪಿ.ವಿ.ಎನ್.ಆರ್. ಪ್ರಸಾದ್ ಮತ್ತು ಆರ್.ಕೆ. ಸಾಹು, ನಾಲ್ವರೂ ಮಡಿದರು. ಎಂಐ-17ನ್ನು ದಾಳಿಯಿಂದ ಹಿಂದಕ್ಕೆ ಕರೆಸಲಾಯಿತು.

ಎಚ್‌ಎಎಲ್‌ನ ದಾಳಿ ಹೆಲಿಕಾಪ್ಟರ್ ‘ಪ್ರಚಂಡ’ದ ಜಾತಕ ಬರೆದದ್ದು ಆ ಬೆಟ್ಟವೇ. 2010ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಮೊದಲ ಹಾರಾಟ. 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆಗೆ ಸೇರ್ಪಡೆ. ಬೆಟ್ಟದಲ್ಲಿ ಪಾಠ ಕಲಿತು ಯಂತ್ರ ಕೈಗೆ ಬರಲು 23 ವರ್ಷ. 2025ರ ಮಾರ್ಚ್‌ನಲ್ಲಿ 156 ಪ್ರಚಂಡಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದವಾಯಿತು. ಬೆಂಗಳೂರಿನ ಜೊತೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲೂ ಅವು ತಯಾರಾಗಬೇಕು.

ಗುಂಡು ಹಾರಿಸುವ ಹೆಲಿಕಾಪ್ಟರಿಗೆ ಕೊನೆಗೂ ದುಡ್ಡು ಬಂತು, ಸರಿ. ಹೊರುವವುಗಳ ಗತಿ? 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಸೋನಂ ಠಾಣೆಯಲ್ಲಿ ಹಿಮದಡಿ ಆರು ದಿನ ಉಸಿರು ಹಿಡಿದಿದ್ದ ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಹೆಸರು ಕರ್ನಾಟಕದ ಮನೆಮನೆಗೂ ಗೊತ್ತು. ಅವರನ್ನು ಆ ಎತ್ತರದಿಂದ ಕೆಳಗಿಳಿಸಿದ್ದೂ ಹೆಲಿಕಾಪ್ಟರೇ. ಅದನ್ನು ಹಾರಿಸಿದವರ ಹೆಸರನ್ನು ಯಾರೂ ಕೇಳಲಿಲ್ಲ. ಅಂಥ ಎತ್ತರದ ಠಾಣೆಗಳನ್ನು ಇಷ್ಟು ವರ್ಷ ಸಾಕಿದ ‘ಚೀತಾ’ ಎಚ್‌ಎಎಲ್ 1970ರ ದಶಕದಿಂದ ಕಟ್ಟುತ್ತ ಬಂದ ಒಂಟಿ ಎಂಜಿನ್ನಿನ ಯಂತ್ರ. ಅದರ ಜಾಗಕ್ಕೆ ಬರಬೇಕಾದ ಹಗುರ ಬಹೂಪಯೋಗಿ ಹೆಲಿಕಾಪ್ಟರ್ 2016ರ ಸೆಪ್ಟೆಂಬರ್‌ನಲ್ಲೇ ಬೆಂಗಳೂರಿನಲ್ಲಿ ಹಾರಿತ್ತು. 2023ರ ಫೆಬ್ರುವರಿ 6ರಂದು ತುಮಕೂರು ಜಿಲ್ಲೆಯ ಇದೇ ಬಿದರೆಹಳ್ಳ ಕಾವಲಿನ ಕಾರ್ಖಾನೆ ಉದ್ಘಾಟಿಸಿದಾಗ ಮೊದಲು ತಯಾರಾಗಬೇಕಿದ್ದದ್ದು ಅದೇ, ಸಮಾರಂಭದಲ್ಲಿ ಪ್ರದರ್ಶಿಸಿದ್ದೂ ಅದನ್ನೇ. ಹಿಮದ ಮೇಲಿನ ಸರದಿ ಅದಾದ ಮೇಲೂ ಚೀತಾದ್ದೇ ಆಗಿತ್ತು.