ಗಾಲಿಯ ಕೀಲು

ಎತ್ತಿನ ಬಂಡಿಯನ್ನು ಕಂಡು ಬೆಳೆದವರಿಗೆ ಕೀಲಿನ ಮಹತ್ತ್ವವನ್ನು ಹೇಳಿಕೊಡಬೇಕಾದುದಿಲ್ಲ. ಅಚ್ಚಿನ ತುದಿಯಲ್ಲಿರುವ ಬೆರಳುದ್ದದ ಕಡೆಗೀಲು ಬಿದ್ದುಹೋದರೆ ಗಾಲಿ ಕಳಚಿ, ಎಷ್ಟು ದೊಡ್ಡ ಬಂಡಿಯಾದರೂ ದಾರಿಯಲ್ಲೇ ಕುಸಿಯುವುದು. ತಮ್ಮ ಮನೆಯ ಮುಂದೆ ನಿಂತಿರುವ ಮೋಟಾರಿಗೂ ಇಂಥ ಕೀಲೊಂದುಂಟು. ಅದನ್ನು ಬಾಲ್ ಜಾಯಿಂಟ್ ಎನ್ನುವರು. ನಾವು ಗುಂಡುಕೀಲು ಎಂದರೂ ಅರ್ಥ ಕೆಡದು.

ನಮ್ಮ ತೊಡೆಯ ಎಲುಬು ಸೊಂಟದ ಗೂಡಿನಲ್ಲಿ ಕೂತಿರುವ ಬಗೆಯನ್ನು ನೆನೆಯಿರಿ. ಉಕ್ಕಿನ ಗುಂಡೊಂದು ಬಟ್ಟಲಿನಂಥ ಗೂಡಿನಲ್ಲಿ ಎಲ್ಲ ಕಡೆಗೂ ಹೊರಳುತ್ತದೆ. ಗುಂಡಿನಿಂದ ಹೊರಟ ಕಡ್ಡಿ ಗಾಲಿಯನ್ನು ಹೊತ್ತ ನಕಲ್ ಎಂಬ ಭಾಗಕ್ಕೆ ಸೇರುತ್ತದೆ. ಗೂಡು ಕೆಳಗಿನ ತೋಳಿಗೆ ಸೇರಿರುತ್ತದೆ. ಹಳ್ಳದಿಣ್ಣೆಗಳಲ್ಲಿ ಗಾಲಿ ಏರಿ ಇಳಿಯಬೇಕು, ಅದೇ ಹೊತ್ತಿಗೆ ಸ್ಟಿಯರಿಂಗಿನ ಮಾತನ್ನೂ ಕೇಳಿ ತಿರುಗಬೇಕು. ಈ ಎರಡು ಚಲನೆಗಳಿಗೂ ಗುಂಡೊಂದೇ ಆಸರೆ. ಒಳಗೆ ಗ್ರೀಸು ತುಂಬಿ, ಮೇಲೆ ರಬ್ಬರಿನ ಟೋಪಿ ತೊಡಿಸಿರುವರು. ಈ ಟೋಪಿ ಹರಿಯಿತೋ, ಕೀಲಿನ ಆಯುಸ್ಸು ಮುಗಿಯುತ್ತ ಬಂತೆಂದೇ ತಿಳಿಯಿರಿ. ಮಳೆನೀರು, ಧೂಳು ಒಳಹೊಕ್ಕು ಗ್ರೀಸನ್ನು ಕೆಡಿಸಿ, ಗುಂಡನ್ನೂ ಗೂಡನ್ನೂ ಅರೆದುಬಿಡುತ್ತವೆ.

ಎರಡು ವರ್ಷಗಳ ಹಿಂದೆ ನನ್ನ ಹಳೆಯ ಸಣ್ಣ ಕಾರು ಪ್ರತಿಯೊಂದು ದಿಣ್ಣೆಯಲ್ಲೂ ‘ಟಕ್’ ಎನ್ನತೊಡಗಿತು. ಮೇಸ್ತ್ರಿಯೊಬ್ಬರು ಷಾಕ್ ಅಬ್ಸಾರ್ಬರ್ ಬದಲಿಸಿದರು. ಹಣ ಹೋಯಿತು, ಸದ್ದು ಉಳಿಯಿತು. ಮಗಳ ಮನೆಯವರೊಂದಿಗೆ ಆಗುಂಬೆ ಘಾಟಿ ಇಳಿಯಲು ಒಂದೇ ವಾರವಿತ್ತು. ಗಾಲಿಯ ಒಳಬದಿಗೆ ಬಗ್ಗಿ ನೋಡಿದರೆ ರಬ್ಬರು ಹರಿದು, ಕೀಲು ತುಕ್ಕುಹಿಡಿದಿತ್ತು. ಈ ಕೀಲು ಪೂರ್ತಿ ಸವೆದು ಕಳಚಿಕೊಂಡರೆ ಗಾಲಿ ಪಕ್ಕಕ್ಕೆ ಮಡಚಿ ಬೀಳುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿ ಫಲವಿಲ್ಲ. ಘಾಟಿಯ ತಿರುವಿನಲ್ಲಿ ಹಾಗಾಗಿದ್ದರೆ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುವುದು.

ಸದ್ದೆಲ್ಲ ಈ ಕೀಲಿನದೇ ಎಂದು ಭ್ರಮಿಸಬೇಡಿರಿ. ಪರೀಕ್ಷೆ ಸುಲಭ. ಗಾಲಿಯನ್ನು ನೆಲದಿಂದ ಎತ್ತಿ, ಗಡಿಯಾರದ ಹನ್ನೆರಡು ಮತ್ತು ಆರರ ಜಾಗಗಳಲ್ಲಿ ಹಿಡಿದು ಅಲುಗಿಸಿರಿ. ಅಲುಗಿದರೆ ಮನೆಯವರೊಬ್ಬರು ಬ್ರೇಕನ್ನು ಒತ್ತಿ ಹಿಡಿಯಲಿ. ಆಗ ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು. ನಿಲ್ಲದಿದ್ದರೆ ಗುಂಡುಕೀಲಿನ ಮೇಲೆ ಸಂಶಯ ಗಟ್ಟಿಯಾಯಿತು. ಟೈರಿನಡಿಗೆ ಮೀಟುಗೋಲಿಟ್ಟು ಎತ್ತುವಾಗ ಕೀಲಿನಲ್ಲಿ ಏರಿಳಿತ ಕಂಡರೆ ಸಂಶಯವೇ ಬೇಡ.

ಕೆಲಸಕ್ಕೆ ಕೈಹಾಕುವ ಮೊದಲು ತಮ್ಮ ಗಾಡಿಯ ಜಾತಿಯನ್ನು ತಿಳಿಯತಕ್ಕದ್ದು. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರರ ಹೆಸರಿನ ಏರ್ಪಾಡಿನವು. 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಗಾಡಿಯಲ್ಲಿ ಬಂದ ಈ ಕ್ರಮದಲ್ಲಿ ಗಾಡಿಯ ಭಾರವನ್ನು ಮೇಲಿನ ಕಂಬದ ಸ್ಪ್ರಿಂಗು ಹೊರುತ್ತದೆ. ಕೆಳಗಿನ ಕೀಲು ಗಾಲಿಯನ್ನು ಅದರ ಜಾಗದಲ್ಲಿ ಹಿಡಿದಿರುತ್ತದೆ, ಅಷ್ಟೆ. ಇಂಥದನ್ನು ಮನೆಯಲ್ಲಿ ಬದಲಿಸಬಹುದು. ಸ್ಪ್ರಿಂಗು ಕೆಳತೋಳಿನ ಮೇಲೆಯೇ ಕೂತಿರುವ ಗಾಡಿಯಾದರೆ ಮುಟ್ಟಕೂಡದು. ಕೀಲು ಬಿಚ್ಚಿದ ಕ್ಷಣವೇ ಆ ಸ್ಪ್ರಿಂಗು ಚಿಮ್ಮಿ ಪ್ರಾಣಕ್ಕೆ ಎರವಾದೀತು.

ಜಾಕಿಯ ವಿಷಯದಲ್ಲಿ ನನ್ನ ಅವಿವೇಕವನ್ನು ಮುಚ್ಚಿಡಲಾರೆ. ಮೊದಲ ದಿನ ಗಾಡಿಯನ್ನು ಜಾಕಿಯೊಂದರ ಮೇಲೆಯೇ ನಿಲ್ಲಿಸಿದ್ದೆ. ಸುತ್ತಿಗೆಯ ಮೂರನೆಯ ಪೆಟ್ಟಿಗೆ ಜಾಕಿ ವಾಲಿ ಗಾಡಿ ಕೆಳಗಿಳಿಯಿತು. ಪಕ್ಕದ ಮನೆಯ ರಾಯರು ಬೈದು, ಕಳಚಿದ ಗಾಲಿಯನ್ನು ಗಾಡಿಯಡಿಗೆ ತಳ್ಳಿಸಿದ್ದರು. ಅದರ ಮೇಲೆ ಕೂತಿತು. ಆದುದರಿಂದ ಸಮನೆಲದ ಮೇಲೆ ಹಿಂದಿನ ಗಾಲಿಗಳಿಗೆ ಅಡೆಗಲ್ಲಿಟ್ಟು, ಹ್ಯಾಂಡ್ ಬ್ರೇಕು ಎಳೆದು, ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಎತ್ತಿದ ಮೇಲೆ ಗಟ್ಟಿಯಾದ ಉಕ್ಕಿನ ಸ್ಟ್ಯಾಂಡನ್ನು ಕೊಟ್ಟಲ್ಲದೆ ಕೈಯಿಡಬೇಡಿರಿ. ಇಟ್ಟಿಗೆಯಾಗಲಿ ಹಾಲೋಬ್ಲಾಕಾಗಲಿ ಬೇಡ. ಅವು ಹೇಳದೆ ಕೇಳದೆ ಪುಡಿಯಾಗುವ ವಸ್ತುಗಳು.

ಗಾಲಿ ಕಳಚಿದ ಬಳಿಕ ಕೀಲಿನ ಸುತ್ತಲನ್ನು ತಂತಿಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ಲೋಟ ಕಾಫಿ ಕುಡಿದು ಬನ್ನಿರಿ. ಅವಸರ ಪಟ್ಟರೆ ಬೋಲ್ಟೇ ಮುರಿದೀತು. ಕೆಲವು ಗಾಡಿಗಳಲ್ಲಿ ಕೀಲಿನ ಕಡ್ಡಿಯನ್ನು ನಕಲ್ಲಿಗೆ ಅಡ್ಡ ಬೋಲ್ಟೊಂದು ಬಿಗಿಹಿಡಿದಿರುತ್ತದೆ. ಅದನ್ನು ಪೂರ್ತಿ ಹೊರತೆಗೆಯಬೇಕು; ಕಡ್ಡಿಯ ಕಚ್ಚಿನಲ್ಲಿ ಅದು ಹಾದಿರುವುದರಿಂದ ಸಡಿಲಿಸಿದರೆ ಸಾಲದು. ಬೇರೆ ಗಾಡಿಗಳಲ್ಲಿ ಕೋಟೆಯ ತೆನೆಗಳಂತೆ ಕಚ್ಚುಗಳಿರುವ ನಟ್ಟು, ಅದರೊಳಗೆ ಸ್ಪ್ಲಿಟ್ ಪಿನ್ನು ಇರುವುವು. ಇಲ್ಲಿ ಕಡ್ಡಿ ಶಂಕುವಿನಾಕಾರದ್ದಾದ ಕಾರಣ ನಟ್ಟು ತೆಗೆದರೂ ಅಂಟಿಕೊಂಡಿರುವುದು. ಪುಲ್ಲರ್ ಇದ್ದರೆ ಉತ್ತಮ. ಇಲ್ಲದಿದ್ದರೆ ನಟ್ಟನ್ನು ಎರಡು ಸುತ್ತು ಉಳಿಸಿ, ನಕಲ್ಲಿನ ಕಿವಿಯ ಪಕ್ಕಕ್ಕೆ ಸುತ್ತಿಗೆಯಿಂದ ಬಲವಾಗಿ ಹೊಡೆಯಿರಿ. ಕಡ್ಡಿಯ ತುದಿಗೆ ಹೊಡೆಯಬೇಡಿರಿ.

ಬಿಡಿಸಿದ ನಕಲ್ಲು ಹೊರಕ್ಕೆ ಜೋತುಬೀಳದಂತೆ ಹಗ್ಗದಿಂದ ಕಟ್ಟಿರಿ. ಮುಂದಿನ ಗಾಲಿಗಳೇ ಎಳೆಯುವ ಗಾಡಿಗಳಲ್ಲಿ ಅದು ಹೊರಕ್ಕೆ ಜಗ್ಗಿದರೆ ಒಳಗಿನ ಡ್ರೈವ್ ಷಾಫ್ಟ್ ಕಳಚುವುದು. ಬ್ರೇಕಿನ ಕೊಳವೆಗೂ ಅಪಾಯ.

ತೋಳಿನ ಕಡೆ ಕೀಲು ಬೋಲ್ಟಿನಿಂದ ಸೇರಿದ್ದರೆ ಬಿಚ್ಚಿ ಹೊಸದನ್ನು ಹಾಕುವುದಷ್ಟೆ. ರಿವೆಟ್ಟಾದರೆ ಡ್ರಿಲ್ಲಿನಿಂದ ಕೊರೆದು ತೆಗೆಯಬೇಕು. ಒತ್ತಿ ಕೂರಿಸಿದ್ದಾದರೆ ಪ್ರೆಸ್ಸು ಬೇಕು. ತೋಳನ್ನು ಕಳಚಿ ಅಂಗಡಿಗೆ ಒಯ್ಯಿರಿ. ಕೀಲು ತೋಳಿನ ಅಂಗವೇ ಆಗಿದ್ದರೆ ತೋಳನ್ನೇ ಹೊಸದು ತರಬೇಕು. ಹಾಗೆ ತಂದಾಗ ಗಾಡಿಯ ದೇಹದ ಕಡೆಗಿರುವ ರಬ್ಬರು ಬುಷ್ಷಿನ ಬೋಲ್ಟನ್ನು ಗಾಡಿಯ ಭಾರ ಗಾಲಿಯ ಮೇಲೆ ಬಂದ ತರುವಾಯವೇ ಪೂರ್ತಿ ಬಿಗಿಯಿರಿ. ತೂಗಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಬಿಗಿತದ ಪ್ರಮಾಣ ಆಯಾ ಗಾಡಿಯ ರಿಪೇರಿ ಪುಸ್ತಕದಲ್ಲಿರುತ್ತದೆ. ಟಾರ್ಕ್ ರೆಂಚನ್ನು ಎರವಲಾದರೂ ತನ್ನಿರಿ. ಸ್ಪ್ಲಿಟ್ ಪಿನ್ನು ಪ್ರತಿಸಾರಿಯೂ ಹೊಸದಿರಬೇಕು. ತೂತು ಕಚ್ಚಿಗೆ ಸರಿಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಹೊಂದಿಸುವುದೇ ಹೊರತು ಸಡಿಲಿಸಿ ಹೊಂದಿಸಕೂಡದು. ಒಂದು ಬದಿಯದು ಸವೆದಿದ್ದರೆ ಇನ್ನೊಂದನ್ನೂ ಪರೀಕ್ಷಿಸಿರಿ. ಆಮೇಲೆ ಗಾಲಿಗಳ ಅಲೈನ್‌ಮೆಂಟನ್ನು ಅಂಗಡಿಯಲ್ಲಿ ನೋಡಿಸಿರಿ. ಇಲ್ಲವಾದರೆ ಟೈರು ಒಂದೇ ಅಂಚಿನಲ್ಲಿ ಸವೆದೀತು.

ನಾವು ಘಾಟಿಗೆ ಹೊರಟುದು ಒಂದು ವಾರ ತಡವಾಗಿ. ಹಳೆಯ ಕೀಲು ಈಗ ನನ್ನ ತರಗತಿಯ ಮೇಜಿನ ಮೇಲಿದೆ. ವ್ಯಾಕರಣದ ಪಾಠದ ನಡುವೆ ಹುಡುಗರು ಅದನ್ನು ಕೈಗೆತ್ತಿಕೊಂಡು ಕಡಕಡನೆ ಅಲ್ಲಾಡಿಸುತ್ತಾರೆ, ನಾನು ಗದರಿಸುವುದಿಲ್ಲ.